ಎರಡು ಗಾಳಿಯ ಹಡಗು

ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಹಾಯಿಹಡಗಿನ ಹುಚ್ಚು ಎಲ್ಲಿಂದ ಹತ್ತಿತು ಎಂದು ಕೇಳದವರಿಲ್ಲ. ವಿಜಯನಗರದ ನನ್ನ ಮನೆಗೆ ಚಿತ್ರ ಕೊಳ್ಳಲು ಬರುವವರು ಕಾಫಿ ಲೋಟ ಹಿಡಿದುಕೊಂಡು, ಗೋಡೆಗೆ ಒರಗಿಸಿಟ್ಟ ಹಡಗುಗಳ ಮುಂದೆ ತಲೆ ಓರೆ ಮಾಡಿ ನಿಂತು, ಇಲ್ಲಿ ಸಮುದ್ರವೇ ಇಲ್ಲವಲ್ಲ ಮೇಡಂ ಎನ್ನುತ್ತಾರೆ. ಅವರಿಗೆ ಯಾವ ಉತ್ತರ ಬೇಕು ಎನ್ನುವುದು ನನಗೆ ಗೊತ್ತು. ನಮ್ಮ ತಂದೆ ದೊಡ್ಡ ಕಲಾವಿದರು, ಅವರ ಪಕ್ಕದಲ್ಲಿ ಕೂತು ಕಲಿತೆ, ಎಲ್ಲ ಅವರ ಆಶೀರ್ವಾದ ಎಂದು ನಾನು ಹೇಳಬೇಕು, ಅವರು ಕಣ್ಣಲ್ಲಿ ನೀರು ತಂದುಕೊಳ್ಳಬೇಕು. ನಾನು ಹೇಳುವುದಿಲ್ಲ. ಸಿಟ್ಟಿನಿಂದ ಕಲಿತೆ ಎನ್ನುತ್ತೇನೆ. ತಮಾಷೆ ಎಂದುಕೊಂಡು ನಗುತ್ತಾರೆ. ಆಮೇಲೆ ಹಡಗಿನ ಮೂತಿ ಮನೆಯೊಳಕ್ಕೆ ತಿರುಗಿರಬೇಕಂತೆ, ವಾಸ್ತುವಿನವರು ಹೇಳಿದ್ದಾರೆ, ಆಗ ಲಕ್ಷ್ಮಿ ನೇರ ಒಳಗೆ ಬರುತ್ತಾಳಂತೆ ಎಂದು ಇನ್ನೊಂದು ರಾಗ ತೆಗೆಯುತ್ತಾರೆ. ಬರಲಿ ಮಹಾತಾಯಿ. ನಾನು ಬರೆಯುವುದು ಹಡಗನ್ನು. ಅದು ಯಾವ ಕಡೆಗೆ ಹೋಗಬೇಕು ಎನ್ನುವುದನ್ನು ತೀರ್ಮಾನ ಮಾಡುವುದು ಗಾಳಿ. ಇಷ್ಟು ಸಣ್ಣ ಸಂಗತಿಯನ್ನು ಒಂದು ಮನೆಯವರಿಗೆ ತಿಳಿಸಲು ಹೋಗಿ ನಾನು ಪಟ್ಟ ಪಾಡನ್ನು ಬರೆಯುತ್ತಿದ್ದೇನೆ, ತಂದೆಯ ಪುಣ್ಯಸ್ಮರಣೆಯನ್ನಲ್ಲ.

ನಮ್ಮ ಮನೆ ಇದ್ದದ್ದು ಮಂಡಿ ಮೊಹಲ್ಲಾದಲ್ಲಿ, ಈರುಳ್ಳಿ ಮಂಡಿಯ ಹಿಂದಿನ ಗಲ್ಲಿಯಲ್ಲಿ. ಅಕ್ಕಪಕ್ಕದಲ್ಲಿ ಹಗ್ಗದ ಅಂಗಡಿ, ಟ್ರಂಕು ಬಡಿಯುವವರು, ರದ್ದಿ ಪೇಪರಿನ ಸಾಬರು. ಬೆಳಗಿನಿಂದ ಸಂಜೆಯವರೆಗೆ ತಗಡಿನ ಸದ್ದು, ಕೊಳೆತ ಈರುಳ್ಳಿಯ ನಾತ. ಆ ಮನೆಯಲ್ಲಿ ಒಳ್ಳೆಯ ಕೋಣೆ ಎಂದು ಇದ್ದದ್ದು ಒಂದೇ. ಬೀದಿಗೆ ತೆರೆದ, ಪೂರ್ವಕ್ಕೆ ದೊಡ್ಡ ಕಿಟಕಿಯಿದ್ದ ಮುಂದಿನ ಕೋಣೆ. ಅದು ಚಿತ್ರಗಳದು. ಮನುಷ್ಯರು ಉಳಿದದ್ದರಲ್ಲಿ ಹೇಗೋ ಇರಬೇಕಿತ್ತು. ಅಮ್ಮ ಅಡುಗೆ ಮಾಡುತ್ತಿದ್ದ ಗೂಡಿಗೆ ಕಿಟಕಿಯೇ ಇರಲಿಲ್ಲ. ಹೆಂಚಿನ ನಡುವೆ ಕೂರಿಸಿದ್ದ ಒಂದು ಗಾಜಿನ ತುಂಡಿನಿಂದ ಬರುವ ಬೆಳಕಿನಲ್ಲಿ ಆಕೆ ಅಕ್ಕಿ ಆರಿಸುತ್ತಿದ್ದಳು. ದೇವರಿಗೆ ಬಿಸಿಲು, ಹೆಂಡತಿಗೆ ಹೊಗೆ. ಇದನ್ನು ನಾನು ಈಗ ಹೇಳುತ್ತಿರುವುದಲ್ಲ, ಆಗಲೂ ಹೇಳಿದ್ದೆ, ಅದಕ್ಕೆ ಏಟು ತಿಂದಿದ್ದೆ.

ಅಪ್ಪನದು ಮೈಸೂರು ಸಂಪ್ರದಾಯದ ಚಿತ್ರದ ಕೆಲಸ. ಹಲಗೆಗೆ ಬಟ್ಟೆ ಅಂಟಿಸಿ, ಅದರ ಮೇಲೆ ಮಕ್ಕು ಎಂಬ ಗಟ್ಟಿ ಸರಿಯಿಂದ ಒಡವೆ, ಕಿರೀಟ, ಪ್ರಭಾವಳಿಗಳನ್ನು ಉಬ್ಬಿಸಿ, ಉಬ್ಬಿನ ಮೇಲೆ ಚಿನ್ನದ ರೇಕು ಕೂರಿಸುವ ಕೆಲಸ. ತಾತ ಅರಮನೆಯಲ್ಲಿ ಇದೇ ಕೆಲಸಕ್ಕಿದ್ದವರು. ಅಪ್ಪನ ಕೈ ಬಹಳ ದೊಡ್ಡದು, ಅದನ್ನು ಇಲ್ಲವೆಂದರೆ ನನ್ನ ನಾಲಗೆ ಬಿದ್ದುಹೋಗಲಿ. ಸರಸ್ವತಿಯ ಬೆರಳನ್ನು ಅವರು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದರು. ಆದರೆ ಆ ಒಂದು ಉಸಿರಿಗೆ ಮೊದಲು ಅಮ್ಮ ಮೂರು ಹೊತ್ತು ಕಲ್ಲಿನ ಮೇಲೆ ಬಣ್ಣ ಅರೆದಿರುತ್ತಿದ್ದಳು, ಮಕ್ಕನ್ನು ಕೂದಲಷ್ಟೂ ಗಂಟಿಲ್ಲದ ಹಾಗೆ ನಾದಿರುತ್ತಿದ್ದಳು. ನನಗೆ ಕುಂಚ ಹಿಡಿಯುವಷ್ಟು ಬೆರಳು ಗಟ್ಟಿಯಾದ ಮೇಲೆ ಮಕ್ಕಿನ ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಅಣ್ಣ ನಂಜುಂಡ ಮಗನಾದ್ದರಿಂದ ಅಪ್ಪನ ಬಲಗಡೆ ಕೂರುತ್ತಿದ್ದ. ಅವನು ಮಾಡುತ್ತಿದ್ದ ಕೆಲಸ ಅದೊಂದೇ, ಕೂರುವುದು.

ಚಿತ್ರವೆಲ್ಲ ಮುಗಿದ ಮೇಲೆ ಕೊನೆಗೆ ಉಳಿಯುವುದು ಕಣ್ಣು. ಅಲ್ಲಿಯವರೆಗೆ ದೇವರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಕಣ್ಣು ಬರೆಯುವ ದಿನ ಅಪ್ಪ ತಲೆಗೆ ನೀರು ಹಾಕಿಕೊಂಡು, ಮಡಿ ಪಂಚೆ ಉಟ್ಟು, ದೀಪ ಹಚ್ಚಿ, ಅಣ್ಣನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ನಾನು, ಅಮ್ಮ ಹೊರಗೆ. ಬಣ್ಣ ಅರೆದವಳು, ಗೆರೆ ಎಳೆದವಳು ಬಾಗಿಲ ಹೊರಗೆ, ಕುಂಚವನ್ನು ತಲೆಕೆಳಗಾಗಿ ಹಿಡಿಯುವ ನಂಜುಂಡ ಒಳಗೆ. ಹೆಂಗಸರು ಕಣ್ಣು ಬರೆದರೆ ದೇವರು ಚಿತ್ರದೊಳಗೆ ಬರುವುದಿಲ್ಲವಂತೆ. ಯಾರು ಹೇಳಿದ್ದು ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆಗಳೆಲ್ಲ ಹಿಂದಿನಿಂದಲೇ ಬರುತ್ತಿದ್ದವು.

ಹಡಗು ನಮ್ಮ ಮನೆಗೆ ಬಂದದ್ದು ಒಬ್ಬ ಡಾಕ್ಟರರಿಂದ. ಅವರು ತಮ್ಮ ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಗೆ ಒಂದು ಚಿತ್ರ ಬೇಕು, ಎಲ್ಲ ಮತದವರೂ ಬರುವ ಜಾಗ, ದೇವರು ಬೇಡ, ಬೇರೆ ಏನಾದರೂ ಭರ್ಜರಿಯಾಗಿರುವುದು ಮಾಡಿಕೊಡಿ ಎಂದರು. ಅಪ್ಪ ಸುತ್ತಮುತ್ತ ನೋಡಿದಾಗ ಕಣ್ಣಿಗೆ ಬಿದ್ದದ್ದು ಚಿನ್ನದ ರೇಕು ಇಡುತ್ತಿದ್ದ ತಾತನ ಕಾಲದ ಬಿಸ್ಕತ್ತಿನ ಡಬ್ಬ. ಅದರ ಮುಚ್ಚಳದ ಮೇಲೆ ಯಾವುದೋ ಹಳೆಯ ಕಾಲದ ಹಾಯಿಹಡಗು, ಹೊಟ್ಟೆ ಉಬ್ಬಿಸಿಕೊಂಡ ಹಾಯಿಪಟಗಳು, ಕಿಟಕಿಕಿಟಕಿಗೂ ಫಿರಂಗಿ. ಅಪ್ಪ ಅದನ್ನು ನಮ್ಮ ರೀತಿಯಲ್ಲಿ ಬರೆದರು. ಪಟಕ್ಕೆ ಚಿನ್ನದ ಅಂಚು, ಹಡಗಿನ ಮೂತಿಗೆ ಯಾಳಿ, ಕೆಳಗೆ ಕ್ಷೀರಸಾಗರದ ಅಲೆಗಳು, ಅಲೆಯೊಳಗೆ ಮತ್ಸ್ಯಾವತಾರದ ಮೀನುಗಳು. ನೋಡಿದವರು ಬಾಯಿ ಬಿಟ್ಟುಕೊಂಡು ನಿಂತರು. ಒಬ್ಬರನ್ನು ನೋಡಿ ಒಬ್ಬರು ಕೇಳತೊಡಗಿದರು. ಅಪ್ಪನಿಗೂ ಅದರ ಗುಂಗು ಹಿಡಿಯಿತು. ರದ್ದಿ ಸಾಬರ ಅಂಗಡಿಯಿಂದ ಹಳೆಯ ಇಂಗ್ಲಿಷ್ ಪುಸ್ತಕಗಳ ಹರಿದ ಹಾಳೆಗಳನ್ನು ತಂದು ಗೋಡೆಗೆ ಅಂಟಿಸಿದರು. ಹೈದರನ ಕಾಲದಲ್ಲಿ ನಮ್ಮ ಮೈಸೂರಿಗೂ ಹಡಗಿದ್ದವು ಎಂದು ಯಾರೋ ಹೇಳಿದ ಮೇಲಂತೂ ಅವರನ್ನು ಹಿಡಿಯುವವರಿರಲಿಲ್ಲ.

"ಸಮುದ್ರ ಇಲ್ದಿದ್ರೇನೋ? ಹಡಗಿತ್ತಲ್ಲ ನಮ್ಗೆ! ನಮ್ ಹಡಗು ಕಣೋ ಇದು, ಯಾರಪ್ಪನ್ ಮನೇದೂ ಅಲ್ಲ," ಎಂದು ಅಣ್ಣನ ಬೆನ್ನಿಗೆ ಗುದ್ದುತ್ತಿದ್ದರು. ಆ ಹೊತ್ತಿನಲ್ಲಿ ಅವರು ಬಹಳ ಚೆನ್ನಾಗಿ ಕಾಣುತ್ತಿದ್ದರು. ಅದನ್ನು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ.

ಒಂದೇ ಒಂದು ತೊಡಕು ಬಂತು. ಹಡಗಿಗೆ ಕಣ್ಣಿಲ್ಲ. ಕಣ್ಣು ಬರೆಯದೆ ಚಿತ್ರ ಹೊಸ್ತಿಲು ದಾಟಿದರೆ ಅಪಶಕುನ. ಅಪ್ಪ ಎರಡು ದಿನ ಗಡ್ಡ ಕೆರೆದುಕೊಂಡು ಯೋಚನೆ ಮಾಡಿ, ಕಂಬದ ತುದಿಯ ಬಾವುಟವೇ ಹಡಗಿನ ಕಣ್ಣು ಎಂದು ತೀರ್ಮಾನ ಮಾಡಿದರು. ಅಂದಿನಿಂದ ಬಾವುಟಕ್ಕೂ ತಲೆಸ್ನಾನ, ಮಡಿ, ದೀಪ, ಹಾಕಿದ ಬಾಗಿಲು. ಎಲ್ಲಿಯ ಫಿರಂಗಿ ಹಡಗು, ಎಲ್ಲಿಯ ಮಡಿ! ಹೆಂಗಸರನ್ನು ಹೊರಗಿಡುವುದಕ್ಕೆ ಒಂದು ಬಾಗಿಲು ಬೇಕಿತ್ತು, ಹಡಗಿಗೂ ಒಂದು ಮಾಡಿಸಿಕೊಂಡರು, ಅಷ್ಟೆ.

ಹಡಗಿನಲ್ಲಿ ನನ್ನ ಪಾಲಿಗೆ ಬಂದದ್ದು ಹಗ್ಗಗಳು. ಹಾಯಿಹಡಗಿನಲ್ಲಿ ಎಷ್ಟು ಹಗ್ಗ ಇರುತ್ತದೆ ಎಂದು ನೋಡದವರಿಗೆ ಗೊತ್ತಾಗುವುದಿಲ್ಲ. ಕಂಬದಿಂದ ಕಂಬಕ್ಕೆ, ಕಂಬದಿಂದ ಅಂಚಿಗೆ, ಪಟದ ಮೂಲೆಯಿಂದ ಕೆಳಕ್ಕೆ, ಜೇಡರಬಲೆ. ಅಳಿಲಿನ ಕೂದಲಿನ ಕುಂಚವನ್ನು ಮಕ್ಕಿನಲ್ಲಿ ಅದ್ದಿ, ಉಸಿರು ಹಿಡಿದು, ನಡುಗದ ಹಾಗೆ ಒಂದೊಂದು ಹಗ್ಗವನ್ನೂ ಉಬ್ಬಿಸಬೇಕು. ಅಪ್ಪನಿಗೆ ಹಗ್ಗವೆಂದರೆ ಅಲಂಕಾರ, ದೇವಿಗೆ ಸರ ಹಾಕಿದ ಹಾಗೆ. ನನಗೆ ಮೊದಲಿನಿಂದಲೂ ಒಂದು ಕೆಟ್ಟ ಬುದ್ಧಿ, ಏಕೆ ಎಂದು ಕೇಳುವುದು. ಪಕ್ಕದ ಹಗ್ಗದ ಅಂಗಡಿಯಲ್ಲಿ ಯಾರೂ ಅಂದಕ್ಕೆ ಹಗ್ಗ ಕೊಳ್ಳುತ್ತಿರಲಿಲ್ಲ. ಹಗ್ಗ ಏನನ್ನೋ ಎಳೆದು ಹಿಡಿಯಬೇಕು. ಪಟದ ಮೂಲೆಗಳನ್ನು ಇಷ್ಟೊಂದು ಹಗ್ಗ ಕಟ್ಟಿ ಎಳೆದಿರಬೇಕಾದರೆ ಅದನ್ನು ಆ ಕಡೆಗೆ ನೂಕುತ್ತಿರುವುದು ಯಾವುದು? ಗಾಳಿ. ಗಾಳಿ ಯಾವ ಕಡೆಯಿಂದ ಬರುತ್ತಿದೆ? ಹಡಗಿನ ಹಿಂದಿನಿಂದ. ಇಷ್ಟು ಹೊಳೆದ ಮೇಲೆ ನನ್ನ ಕಣ್ಣು ತಾನಾಗಿ, ಮುಗಿದು ಪಕ್ಕದಲ್ಲಿ ನಿಂತಿದ್ದ ಹಡಗಿನ ಕಂಬದ ತುದಿಗೆ ಹೋಯಿತು. ಅಪ್ಪ ಬರೆದ ಬಾವುಟ ಹಿಂದಕ್ಕೆ ಹಾರುತ್ತಿತ್ತು.

ಮಾರನೆಯ ದಿನ ಮುಂದಿನ ಕೋಣೆಯ ತಾರಸಿಯ ಮೇಲೆ ಅಮ್ಮನ ಸೀರೆ ಒಣಹಾಕಲು ಹೋದಾಗ ಗಾಳಿ ಜೋರಾಗಿತ್ತು. ಸೀರೆ ಚಾಮುಂಡಿಬೆಟ್ಟದ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಎದುರು ಮನೆಯ ಸೂರಿಗೆ ಯಾವುದೋ ಚುನಾವಣೆಯ ಹಳೆಯ ಬಾವುಟ ಕಟ್ಟಿದ್ದರು, ಅದೂ ಬೆಟ್ಟದ ಕಡೆಗೇ ಹಾರುತ್ತಿತ್ತು. ನನ್ನ ಬಿಚ್ಚಿದ ಜಡೆಯೂ ಅತ್ತಲೇ. ಒಂದು ಗಾಳಿಗೆ ಎಲ್ಲವೂ ಒಂದೇ ಕಡೆ. ನಮ್ಮ ಮುಂದಿನ ಕೋಣೆಯಲ್ಲಿ ಮಾತ್ರ ಪಟ ಮುಂದಕ್ಕೆ, ಬಾವುಟ ಹಿಂದಕ್ಕೆ. ರದ್ದಿ ಹಾಳೆಗಳನ್ನು ಹುಡುಕಿದೆ. ಬಾವುಟ ಕಾಣುವಂಥದ್ದು ಒಂದೇ ಒಂದು ಸಿಕ್ಕಿತು, ಅದರಲ್ಲಿ ಅದು ಪಟದ ಜೊತೆಗೇ ಮುಂದಕ್ಕೆ ಹಾರುತ್ತಿತ್ತು. ಅಪ್ಪ ಮೊದಲು ನೋಡಿ ಬರೆದ ಡಬ್ಬದ ಮುಚ್ಚಳವನ್ನೂ ತೆಗೆದು ನೋಡಿದೆ. ಮೇಲಿನ ಅಂಚನ್ನು ಪೂರ್ತಿ ತುಕ್ಕು ತಿಂದಿತ್ತು. ಕಂಬಗಳ ತುದಿಯೇ ಇರಲಿಲ್ಲ. ಬಾವುಟವನ್ನು ಅಪ್ಪ ತಮ್ಮ ತಲೆಯಿಂದ ಬರೆದಿದ್ದರು, ಆಮೇಲೆ ಅದಕ್ಕೆ ದೀಪ ಹಚ್ಚಿದ್ದರು. ದೀಪ ಹಚ್ಚಿದ್ದನ್ನು ಯಾರು ಪ್ರಶ್ನೆ ಮಾಡುತ್ತಾರೆ?

ನಾನು ಮಾಡಿದೆ. ಮಧ್ಯಾಹ್ನದ ಊಟಕ್ಕೆ ಅಪ್ಪ, ಅಣ್ಣ ಕೂತಿದ್ದರು, ಅಮ್ಮ ಬಡಿಸುತ್ತಿದ್ದಳು. ಆ ದಿನಗಳಲ್ಲಿ ಒಂದು ದೊಡ್ಡ ಹಲಗೆಯ ಕೆಲಸ ನಡೆದಿತ್ತು. ನೌಕಾದಳದಿಂದ ನಿವೃತ್ತಿಯಾಗಿ ಬಂದ ಸಾಹೇಬರೊಬ್ಬರು ಇಲವಾಲದ ಹತ್ತಿರ ಮನೆ ಕಟ್ಟಿಸಿ, ಹಾಲಿಗೆ ಚಿನ್ನದ ಕೆಲಸದ ಹಾಯಿಹಡಗು ಬೇಕು ಎಂದು ಕೇಳಿದ್ದರು. ಅಪ್ಪನ ಜೀವಮಾನದಲ್ಲೇ ದೊಡ್ಡ ಹಡಗು. ಎಲ್ಲ ಮುಗಿದು ಬಾವುಟವೊಂದು ಬಾಕಿ ಇತ್ತು.

"ಅಪ್ಪ, ಬಾವುಟ ಹಿಂದಕ್ಕಲ್ಲ, ಮುಂದಕ್ಕೆ ಹಾರ್ಬೇಕು," ಎಂದೆ. "ಗಾಳಿ ಹಿಂದಿನಿಂದ ಬರ್ತೈತೆ. ಪಟ ಎತ್ತ ಉಬ್ತದೋ ಬಾವುಟಾನೂ ಅತ್ತಲೇ."

ಅಪ್ಪ ಸಿಟ್ಟಾಗಲಿಲ್ಲ. ನಕ್ಕರು. ಅದು ಸಿಟ್ಟಿಗಿಂತ ಕೆಟ್ಟದ್ದು.

"ಜಂಬೂಸವಾರೀಲಿ ಕುದುರೆ ಪೊಲೀಸ್ನೋರು ಬರ್ತಾರಲ್ಲ, ನೋಡಿದ್ದೀಯ? ಕುದುರೆ ಮುಂದಕ್ಕೋದ್ರೆ ಈಟಿ ಮೇಲಿನ್ ಬಾವುಟ ಎತ್ಲಾಗೆ ಹಾರ್ತದೆ? ಹಿಂದಕ್ಕೆ. ಅಷ್ಟೂ ತಲೆ ಬ್ಯಾಡ್ವ?"

"ಕುದುರೆ ತಾನಾಗ್ ಓಡ್ತದೆ ಕಣಪ್ಪ. ಹಡಗನ್ನ ಗಾಳಿ ಓಡಿಸ್ತದೆ. ಬೇಕಾದ್ರೆ ತಾರಸಿ ಮೇಲ್ ಬಂದು ಸೀರೆ ನೋಡು."

"ಹಡಗಿಗೂ ಸೀರೆಗೂ ಏನೇ ಸಂಬಂಧ, ಕತ್ತೆ!" ಎಂದು ಅಣ್ಣ ತಟ್ಟೆಯ ಮೇಲೆ ಉಗುಳು ಹಾರಿಸಿಕೊಂಡು ನಕ್ಕ.

"ಕಣ್ ಬರೆಯೋದು ನನ್ ಕೆಲ್ಸ," ಎಂದರು ಅಪ್ಪ. ಈಗ ನಗು ಇರಲಿಲ್ಲ. "ಇನ್ನೊಂದ್ ಮಾತ್ ಬಂದ್ರೆ ಆ ಕೋಣೇಗೆ ಕಾಲಿಡ್ಬ್ಯಾಡ."

ನಾನು ಅಮ್ಮನ ಕಡೆ ನೋಡಿದೆ. ಹಿಂದಿನ ದಿನ ನಾನು ಆಕೆಯನ್ನು ತಾರಸಿಗೆ ಕರೆದುಕೊಂಡು ಹೋಗಿ ಸೀರೆಯನ್ನೂ ಬಾವುಟವನ್ನೂ ತೋರಿಸಿದ್ದೆ. ಆಕೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿ, ಹೌದಲ್ವೇ ಎಂದಿದ್ದಳು. ಈಗ ಅದೇ ಅಮ್ಮ ಸೌಟನ್ನು ಸಾರಿನಲ್ಲಿ ಅದ್ದಿ, ಯಾರಿಗೆ ಬೇಕು ಎಂದು ಕೇಳುತ್ತಿದ್ದಳು.

ಬಾವುಟ ಆಯಿತು, ದೀಪವಾಯಿತು, ಸಾಹೇಬರು ಜೀಪಿನಲ್ಲಿ ಬಂದರು. ಎತ್ತರದ ಆಳು, ಬಿಳಿ ಗಡ್ಡ, ತಮ್ಮೂರಿನ ಕನ್ನಡವನ್ನು ಮರೆಯದವರು. ಚಿತ್ರದ ಮುಂದೆ ಬಹಳ ಹೊತ್ತು ಕೈಕಟ್ಟಿ ನಿಂತರು. ಹಗ್ಗಗಳ ಮೇಲೆ, ಮುಟ್ಟದೆ, ಬೆರಳು ಆಡಿಸಿದರು. ನಾನು ನಡುಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರ ಬೆರಳು ಕಂಬ ಹತ್ತಿ ತುದಿಗೆ ಹೋಗಿ ನಿಂತಿತು. ಅವರು ಜೋರಾಗಿ ನಕ್ಕುಬಿಟ್ಟರು.

"ಮೇಷ್ಟ್ರೇ, ಒಂದೇ ಹಡಗಿಗೆ ಎರಡು ಗಾಳಿ ಎಲ್ಲಿಂದ ತಂದ್ರಿ? ಪಟಕ್ಕೊಂದು, ಬಾವುಟಕ್ಕೊಂದು! ಬೇಜಾರ್ ಮಾಡ್ಕೋಬೇಡಿ, ಎಷ್ಟೋ ಜನ ಹೀಗೇ ಬರೀತಾರೆ. ಬಾವುಟ ಮುಂದಕ್ಕೆ ತಿರುಗಿಸ್ಕೊಡಿ, ಉಳಿದದ್ದು ಬೆಂಕಿ ಹಂಗಿದೆ. ಈ ಹಗ್ಗದ ಕೆಲ್ಸ ನಾನು ಬೇರೆ ಕಡೆ ನೋಡೇ ಇಲ್ಲ."

ಅವರು ಕೆಟ್ಟ ಮನಸ್ಸಿನಿಂದ ನಗಲಿಲ್ಲ. ಆದರೆ ಅಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು. ಜೀಪು ಹೋದ ಮೇಲೆ ಅವರು ನನ್ನ ಕಡೆ ತಿರುಗಿ ಹೇಳಿದ್ದನ್ನು ನಾನು ಇಷ್ಟು ವರ್ಷ ನುಂಗಿಕೊಂಡಿದ್ದೇನೆ, ಇಲ್ಲಿ ಉಗುಳುತ್ತೇನೆ.

"ನಿನ್ ಬಾಯೇ ಸರಿ ಇಲ್ಲ. ಕಣ್ ಬರೆಯೋಕ್ ಮುಂಚೆ ಅಪಶಕುನ ನುಡಿದ್ರೆ ಇನ್ನೇನಾಗ್ತದೆ?"

ಅಂದರೆ ಬಾವುಟ ತಪ್ಪಾದದ್ದು ನಾನು ತಪ್ಪು ಎಂದು ಹೇಳಿದ್ದರಿಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ಹೆಂಗಸಿನ ಮೇಲೆ ಕಟ್ಟಿದವರು ನಮ್ಮ ಮನೆಗೆ ಬಂದು ಒಂದು ವಾರ ಇದ್ದು ಹೋಗಬೇಕಿತ್ತು.

ತಿದ್ದುವುದು ಸುಲಭವಿರಲಿಲ್ಲ. ಬಾವುಟವನ್ನು ಮಕ್ಕಿನಿಂದ ಉಬ್ಬಿಸಿ ಚಿನ್ನ ಕೂರಿಸಿಯಾಗಿತ್ತು. ಅದನ್ನು ಕೆರೆದು, ಕೆಳಗಿನ ಬಟ್ಟೆ ಹರಿಯದ ಹಾಗೆ ನುಣುಪು ಮಾಡಿ, ಆಕಾಶದ ಬಣ್ಣ ಕೂಡಿಸಿ, ಈಚೆ ಕಡೆ ಹೊಸದಾಗಿ ಉಬ್ಬಿಸಬೇಕು. ಅಪ್ಪ ಅದನ್ನು ಮುಟ್ಟಲಿಲ್ಲ. ತಾವು ದೀಪ ಹಚ್ಚಿ ಬರೆದ ಕಣ್ಣನ್ನು ತಾವೇ ಕೀಳುವುದು ಹೇಗೆ? ನಂಜುಂಡ ಮಾಡ್ತಾನೆ ಎಂದು ಹೇಳಿ, ಶಲ್ಯ ಹೊದ್ದು ನಂಜನಗೂಡಿಗೆ ಹೊರಟುಹೋದರು. ಅಣ್ಣ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬ್ಲೇಡಿನಲ್ಲಿ ಕೆರೆಯಲು ಹೋಗಿ ಬಟ್ಟೆಯ ನೂಲು ಎದ್ದಿತ್ತು, ಅವನ ಕಣ್ಣಲ್ಲಿ ನೀರಿತ್ತು.

"ಸುಶೀ, ಬಾರೇ. ಅಪ್ಪ ಬಂದ್ರೆ ಸಾಯಿಸ್ಬುಡ್ತಾರೆ. ನಿನ್ ದಮ್ಮಯ್ಯ."

ಹೋದೆ. ಅವನನ್ನು ಹೊರಗೆ ಕಳಿಸಿದೆ. ಅಮ್ಮ ಬೀದಿಬಾಗಿಲ ಹೊಸ್ತಿಲ ಮೇಲೆ, ಯಾರಾದರೂ ಬರುತ್ತಾರೇನೋ ಎಂದು ಕಾವಲು ನಿಂತಳು. ನಾನು ತಲೆಗೆ ನೀರು ಹಾಕಿಕೊಳ್ಳಲಿಲ್ಲ, ದೀಪ ಹಚ್ಚಲಿಲ್ಲ. ಎದ್ದ ನೂಲನ್ನು ಗೋಂದಿನಿಂದ ಕೂರಿಸಿ, ಒಣಗಿಸಿ, ಉಜ್ಜಿ, ಆಕಾಶ ಕೂಡಿಸಿ, ಪಟದ ಹೊಟ್ಟೆ ಎತ್ತ ಉಬ್ಬಿತ್ತೋ ಅತ್ತ ಕಡೆಗೆ ಬಾವುಟ ಎಳೆದೆ. ಗೆರೆ ಒಂದೇ ಉಸಿರಿನಲ್ಲಿ ಹರಿದು ಹೋಯಿತು. ರೇಕು ಕೂತ ಮೇಲೆ ಒಂದು ಹೆಜ್ಜೆ ಹಿಂದೆ ಬಂದು ನೋಡಿದರೆ ಹಡಗು ಹೊರಟಿತ್ತು. ಅಲ್ಲಿಯವರೆಗೆ ಅಪ್ಪ ಬರೆದ ಯಾವ ಹಡಗೂ ಹೊರಟಿರಲಿಲ್ಲ, ನಿಂತಲ್ಲೇ ಶೃಂಗಾರ ಮಾಡಿಕೊಂಡು ಕೂತಿದ್ದವು. ಅಷ್ಟು ಸಂತೋಷ ನನಗೆ ಮದುವೆಯಲ್ಲಿ ಆಗಲಿಲ್ಲ, ಮಗು ಹುಟ್ಟಿದಾಗಲೂ ಆಗಲಿಲ್ಲ. ಕೇಳುವವರಿಗೆ ಕೆಟ್ಟದಾಗಿ ಕಾಣಬಹುದು, ಕಾಣಲಿ.

ಸಂಜೆ ಅಪ್ಪ ಬಂದರು. ಚಪ್ಪಲಿ ಬಿಡುವುದಕ್ಕೆ ಮೊದಲೇ ಚಿತ್ರದ ಮುಂದೆ ನಿಂತರು. ನಂಜುಂಡನ ಕೈಯೂ ನನ್ನ ಕೈಯೂ ಒಂದೇ ಎಂದುಕೊಳ್ಳುವಷ್ಟು ಕುರುಡರಲ್ಲ ಅವರು. ನನ್ನ ಉಗುರು ಸಂದಿಯಲ್ಲಿದ್ದ ಮಕ್ಕನ್ನು ನೋಡಿದರು. ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೂಂ ಎಂದರು, ಕಾಲು ತೊಳೆಯಲು ಹಿತ್ತಲಿಗೆ ಹೋದರು.

ಸಾಹೇಬರು ಮತ್ತೆ ಬಂದು ನೋಡಿ ತೊಡೆ ತಟ್ಟಿದರು. ಇದೇ ಅಳತೆಯದು ಇನ್ನೊಂದು ಬೇಕು, ತಮ್ಮ ಗೆಳೆಯರೊಬ್ಬರಿಗೆ, ಎಂದು ಹೇಳಿ, ಯಾರು ತಿದ್ದಿದ್ದು ಇದನ್ನ ಎಂದು ಕೇಳಿದರು.

"ನನ್ ಮಗ ಸಾರ್," ಎಂದರು ಅಪ್ಪ. "ಬಾವುಟ ತಪ್ಪೈತೆ ಅಂತ ಅವ್ನೇ ಮೊದ್ಲು ಹೇಳಿದ್ದ. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ."

ಅಣ್ಣ ತಲೆ ತಗ್ಗಿಸಿ ಮುಗುಳ್ನಕ್ಕ. ನಾಚಿಕೆಯಿಂದಲ್ಲ, ಹೊಗಳಿಸಿಕೊಳ್ಳುವಾಗ ಒಳ್ಳೆಯ ಹುಡುಗರು ಹೇಗೆ ನಗುತ್ತಾರೋ ಹಾಗೆ. ನಾನು ಬಾಗಿಲು ತಳ್ಳಿಕೊಂಡು ಕೋಣೆಯೊಳಗೆ ಬಂದೆ.

"ಸುಳ್ಳು ಸಾರ್. ಹೇಳಿದ್ದೂ ನಾನು, ಬರೆದಿದ್ದೂ ನಾನು. ಆ ಹಗ್ಗಾನೂ ನಂದೇ. ಬೇಕಾದ್ರೆ ನಮ್ಮಮ್ಮನ್ ಕೇಳಿ. ಅಮ್ಮ, ನೀನೇ ಬಾಗ್ಲಲ್ಲಿ ನಿಂತಿದ್ದೆಯಲ್ಲ, ಹೇಳು!"

ಅಮ್ಮ ಕಾಫಿ ತಟ್ಟೆ ಹಿಡಿದು ನನ್ನ ಹಿಂದೆಯೇ ಇದ್ದಳು. ಸಾಹೇಬರು ಆಕೆಯ ಕಡೆ ನೋಡಿದರು. ಅಪ್ಪ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ.

"ಮಕ್ಳ ಜಗಳ, ಬುಡಿ ಸಾರ್," ಎಂದಳು ಅಮ್ಮ. "ಇವ್ಳಿಗೆ ಅಣ್ಣನ್ ಮೇಲೆ ಒಂಚೂರು ಹೊಟ್ಟೆಉರಿ. ಕಾಫಿ ಆರೋಗ್ತದೆ, ತಗೊಳ್ಳಿ."

ಅಪ್ಪ ಸುಳ್ಳು ಹೇಳಿದಾಗ ಸಿಟ್ಟು ಬಂತು. ಅಮ್ಮ ಹೇಳಿದಾಗ ನನ್ನ ಒಳಗೆ ಏನೋ ತಣ್ಣಗಾಯಿತು. ಅಪ್ಪನನ್ನು ಬೈಯಲು ನನ್ನ ಹತ್ತಿರ ಬೇಕಾದಷ್ಟು ಮಾತಿದೆ. ಅಮ್ಮನ ವಿಷಯಕ್ಕೆ ಬಂದರೆ ಇವತ್ತಿಗೂ ಬಾಯಿ ಕಟ್ಟುತ್ತದೆ. ಪಾಪ, ಏನು ಮಾಡಿಯಾಳು, ಆ ಕಾಲದ ಹೆಂಗಸು ಎಂದು ನನ್ನ ಮಗಳು ಹೇಳುತ್ತಾಳೆ. ಪಾಪ ಎನ್ನಲು ನನಗೂ ಬರುತ್ತದೆ. ಆದರೆ ಆ ಮನೆಯಲ್ಲಿ ಸತ್ಯ ಗೊತ್ತಿದ್ದ ದೊಡ್ಡವರು ಇಬ್ಬರೇ, ಇಬ್ಬರೂ ಒಂದೇ ಹಗ್ಗ ಹಿಡಿದು ಎಳೆದರು.

ಅವತ್ತಿನಿಂದ ನಾನು ಹಗ್ಗ ಎಳೆಯುವುದನ್ನು ನಿಲ್ಲಿಸಿದೆ. ಮೊದಲನೆಯದು ಕೆಟ್ಟರೆ ಇರಲಿ ಎಂದು ಅದರ ಜೊತೆಗೇ ಶುರುಮಾಡಿ ಬಿಟ್ಟಿದ್ದ ಹಲಗೆಯೇ ಎರಡನೇ ಹಡಗಾಯಿತು, ಒಡಲು ಮುಗಿಯಿತು, ಪಟಗಳು ಬಂದವು. ಮುಂಚೆಯೇ ನಾನು ಎಳೆದಿದ್ದ ಕೆಲವು ಹಗ್ಗಗಳು ಮುಂದಿನ ಕಂಬದಲ್ಲಿದ್ದವು, ಮಿಕ್ಕ ಪಟಗಳಿಗೆ ಏನೂ ಆಸರೆಯಿರಲಿಲ್ಲ. ಅಣ್ಣ ಎಳೆಯಲು ಹೋದರೆ ಹುಳು ಹರಿದ ಹಾಗಾಗುತ್ತಿತ್ತು. ಅಪ್ಪ ಒಂದೆರಡು ಎಳೆದರು, ಅಷ್ಟು ಉದ್ದದ ಸಣ್ಣ ಗೆರೆ ಅವರ ಕೈಗೆ ಪಳಗಿರಲಿಲ್ಲ. ನನ್ನನ್ನು ಕರೆಯಲು ಬಾಯಿಯೂ ಬರಲಿಲ್ಲ. ಅಮ್ಮನನ್ನು ಕಳಿಸಿದರು.

"ನಿಮ್ಮಪ್ಪ ಊಟ ಸರಿಯಾಗ್ ಮಾಡ್ತಿಲ್ಲ ಕಣೇ. ಅದೊಂದ್ ಹಲಗೆ ಮುಗ್ಸಿಕೊಡು. ಹೆಣ್ ಮಕ್ಳಿಗೆ ಇಷ್ಟ್ ಹಟ ಆಗ್ಬಾರ್ದು."

"ಮುಗಿಸ್ತೀನಿ. ಊಟಕ್ಕೆ ಕೂತಾಗ, ನಂಜಣ್ಣನ್ ಮುಂದೆ, ಬಾವುಟ ತಿದ್ದಿದ್ದು ಸುಶೀಲ ಅಂತ ಒಂದ್ಸಲ ಅನ್ನು ಅಂತ ಹೇಳು. ಬೇರೆಯವ್ರ್ ಮುಂದೆ ಬ್ಯಾಡ. ನಮ್ಮನೇಲೇ. ಒಂದೇ ಸಲ."

ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇದ್ದದ್ದು ಒಂದು ನಡುಮನೆ. ಅಮ್ಮ ಅದನ್ನು ಆ ದಿನಗಳಲ್ಲಿ ಅದೆಷ್ಟು ಬಾರಿ ದಾಟಿದಳೋ. ಹೋಗುವಾಗ ನನ್ನ ಮಾತನ್ನು ಒಯ್ಯುತ್ತಿದ್ದಳೋ, ದಾರಿಯಲ್ಲೇ ಚೆಲ್ಲಿಬಿಡುತ್ತಿದ್ದಳೋ ಎಂದು ನನಗೆ ಅನುಮಾನವಿತ್ತು. ಒಂದು ದಿನ ನಾನೇ ಬಾಗಿಲಲ್ಲಿ ನಿಂತು ಅದೇ ಮಾತನ್ನು ಹೇಳಿದೆ. ಅಪ್ಪ ಕುಂಚ ತೊಳೆಯುತ್ತಿದ್ದರು, ತೊಳೆಯುತ್ತಲೇ ಇದ್ದರು. ಹೇಳಿದ್ದರೆ ಮೂರು ಶಬ್ದ. ಹೇಳಿದ್ದರೆ ನಾನು ಅವರ ಹಡಗುಗಳಿಗೆಲ್ಲ ಬದುಕಿರುವವರೆಗೂ ಹಗ್ಗ ಎಳೆದುಕೊಂಡು ಇದ್ದುಬಿಡುತ್ತಿದ್ದೆ, ಯಾವ ಹೆಸರೂ ಬೇಡವಾಗಿತ್ತು.

ಅಪ್ಪನಿಗೆ ಕಣ್ಣು ಮಂಜಾಯಿತು, ಅದಕ್ಕೇ ಹಡಗು ಬಿಟ್ಟರು ಎಂದು ಅಣ್ಣ ಈಗಲೂ ನೆಂಟರ ಮುಂದೆ ಹೇಳುತ್ತಾನೆ. ಕಣ್ಣು ಮಂಜಾದವರು ಆಮೇಲೆ ಎಷ್ಟೋ ವರ್ಷ ದೇವಿಯರ ಮೂಗುತಿ ಹೇಗೆ ಬರೆದರು ಎಂದು ನೆಂಟರು ಕೇಳುವುದಿಲ್ಲ. ನಡೆದದ್ದು ಇಷ್ಟು. ಒಂದು ಬೆಳಗ್ಗೆ ಅಪ್ಪ ಗೋಡೆಗೆ ಅಂಟಿಸಿದ್ದ ರದ್ದಿ ಹಾಳೆಗಳನ್ನು ಕಿತ್ತು ಹಾಕಿದರು. ಎರಡನೇ ಹಡಗಿನ ಹಲಗೆಯನ್ನು ಕೆಳಗಿಳಿಸಿ, ಸ್ಯಾಂಡ್ ಪೇಪರ್ ತೆಗೆದುಕೊಂಡು, ನನ್ನನ್ನು ಕರೆದರು. ಅಷ್ಟು ದಿನಗಳ ಮೇಲೆ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ಹೇಳುತ್ತಾರೆ ಎಂದುಕೊಂಡು ಓಡಿಹೋದೆ.

"ಸುಶೀಲ, ಆ ಕಡೆ ಹಿಡ್ಕೊ. ಅಲ್ಲಾಡ್ತದೆ."

ಹಡಗನ್ನು ಉಜ್ಜಿ ಅಳಿಸಿ ಅದೇ ಹಲಗೆಯ ಮೇಲೆ ಲಕ್ಷ್ಮಿಯನ್ನು ಬರೆಯುವುದಂತೆ. ಅವರು ಅಷ್ಟು ಪ್ರೀತಿಸಿದ ಹಡಗನ್ನು, ನಮ್ಮದು ಕಣೋ ಎಂದು ಎದೆ ಉಬ್ಬಿಸಿದ ಹಡಗನ್ನು, ಅಳಿಸುತ್ತಾರೆ, ಆದರೆ ಮೂರು ಶಬ್ದ ಹೇಳುವುದಿಲ್ಲ. ಅಳಿಸುವುದಕ್ಕೂ ನಾನೇ ಹಿಡಿದುಕೊಳ್ಳಬೇಕು.

"ಹಿಡ್ಕೊಳಲ್ಲ," ಎಂದೆ.

ಅಪ್ಪ ನನ್ನ ಕಡೆ ನೋಡಿದರು. ಕೈ ಎತ್ತುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಕೂತು, ಹಲಗೆಯ ಆ ತುದಿಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಳು. ಅಪ್ಪ ಉಜ್ಜತೊಡಗಿದರು. ನನ್ನ ಹಗ್ಗಗಳು ಬಿಳಿ ಪುಡಿಯಾಗಿ ಅಮ್ಮನ ಮಡಿಲಿಗೆ ಬೀಳುತ್ತಿದ್ದವು.

"ಒಲೆ ಮೇಲೆ ಅನ್ನ ಐತೆ," ಎಂದಳು ಆಕೆ, ತಲೆ ಎತ್ತದೆ. "ಹೋಗಿ ನೋಡ್ಕೊ, ತಳ ಹತ್ತೀತು."

ಹೋದೆ. ಒಲೆಯ ಮುಂದೆ ನಿಂತು ನೋಡಿದೆ. ನೀರು ಇಂಗಿತು, ಅನ್ನ ಅರಳಿತು, ಇಳಿಸುವ ಹೊತ್ತು ಬಂತು, ನಾನು ಇಳಿಸಲಿಲ್ಲ. ಇನ್ನೊಂದು ಸೌದೆ ಒಳಕ್ಕೆ ನೂಕಿದೆ. ತಳದಿಂದ ಚಟಚಟ ಸದ್ದು ಬಂತು, ಸೀದ ವಾಸನೆ ಎದ್ದಿತು, ನಡುಮನೆ ದಾಟಿ ಮುಂದಿನ ಕೋಣೆಗೆ ಹೋಯಿತು. ಅಲ್ಲಿ ಉಜ್ಜುವ ಸದ್ದು ನಿಂತಿತು. ಈಗ ಬರುತ್ತಾರೆ ಎಂದು ಸೆಟೆದು ನಿಂತೆ. ಬೈಯಲಿ, ಬಾರಿಸಲಿ, ಏನಾದರೂ ಅನ್ನಲಿ. ಅವರು ಒಂದು ಅಂದರೆ ನಾನು ಹತ್ತು ಅನ್ನಲು ಬಾಯಿ ತುಂಬ ಇಟ್ಟುಕೊಂಡಿದ್ದೆ. ಯಾರೂ ಬರಲಿಲ್ಲ. ಆಮೇಲೆ ಉಜ್ಜುವುದು ಮತ್ತೆ ಶುರುವಾಯಿತು.

ಊಟಕ್ಕೆ ಕೂತರು. ಅಮ್ಮ ಪಾತ್ರೆಯ ಮುಚ್ಚಳ ತೆಗೆದು, ಕಪ್ಪು ಹಿಡಿದದ್ದನ್ನು ತಳದಲ್ಲೇ ಬಿಟ್ಟು, ಮೇಲಿನದನ್ನು ಬಡಿಸಿದಳು. ಮೇಲಿನದೂ ಕಂದಾಗಿತ್ತು, ಮನೆಯೆಲ್ಲ ಹೊಗೆ. ಅಣ್ಣ ಮೂಗು ಸಿಂಡರಿಸಿ ಬಾಯಿ ತೆರೆದ. ಅಪ್ಪ ಅವನ ಕಡೆ ಒಮ್ಮೆ ನೋಡಿದರು, ಅವನು ಬಾಯಿ ಮುಚ್ಚಿಕೊಂಡು ಸಾರು ಕಲಸಿದ. ನಾನು ಕಂಬಕ್ಕೆ ಒರಗಿ ಎದುರಿಗೇ ನಿಂತಿದ್ದೆ, ಅಪ್ಪನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ. ಸೀದ ಅನ್ನ ಕಹಿ. ಅದನ್ನು ಅವರು ತುತ್ತು ಮಾಡಿ ಬಾಯಿಗಿಟ್ಟುಕೊಂಡು, ಅಗಿದು, ನುಂಗಿದರು. ತಟ್ಟೆ ಖಾಲಿಯಾಯಿತು.

"ಇನ್ನೊಂದ್ಚೂರ್ ಹಾಕು," ಎಂದರು ಅಮ್ಮನಿಗೆ.

ಹಾಕಿಸಿಕೊಂಡು, ನನ್ನ ಮುಖ ನೋಡದೆ, ಒಂದು ಅಗುಳೂ ಬಿಡದೆ ತಿಂದರು.